ನರಸಿಂಹನನ್ನು ಯಾವ ವಯಸ್ಸಿಗೆ ತೋರಿಸಬೇಕು?

ಅನಿಮೇಷನ್ ಎನ್ನುವುದು ಸಿನಿಮಾ ತಯಾರಿಸುವ ಒಂದು ವಿಧಾನ. ಸಿನಿಮಾ ಯಾರಿಗೆ ತಕ್ಕದ್ದು ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಆದರೂ ಕಾರ್ಟೂನ್ ಎಂದರೆ ಮಕ್ಕಳದ್ದು, ದೇವರ ಸಿನಿಮಾ ಎಂದರೆ ಮನೆಮಂದಿಯೆಲ್ಲ ನೋಡುವಂಥದ್ದು ಎಂಬ ಎರಡು ನಂಬಿಕೆಗಳು ನಮ್ಮ ಮನೆಗಳಲ್ಲಿ ಬಹುಕಾಲದಿಂದ ಬೇರೂರಿವೆ. 2025ರ ಜುಲೈ 25ರಂದು ತೆರೆಕಂಡ ‘ಮಹಾವತಾರ ನರಸಿಂಹ’ಕ್ಕೆ ಈ ಎರಡು ನಂಬಿಕೆಗಳ ಬೆಂಬಲವೂ ಒಟ್ಟಿಗೇ ದೊರೆಯಿತು. ಅಶ್ವಿನ್ ಕುಮಾರ್ ನಿರ್ದೇಶಿಸಿ ಕ್ಲೀಂ ಪ್ರೊಡಕ್ಷನ್ಸ್ ತಯಾರಿಸಿದ ಈ ಚಿತ್ರವನ್ನು ‘ಕೆ.ಜಿ.ಎಫ್’, ‘ಕಾಂತಾರ’ಗಳ ಹೊಂಬಾಳೆ ಫಿಲ್ಮ್ಸ್ ಅರ್ಪಿಸಿತು. ಹಿಂದಿ, ತೆಲುಗು, ತಮಿಳು, ಮಲಯಾಳಗಳ ಜೊತೆ ಕನ್ನಡದಲ್ಲೂ ಬಂದ ಚಿತ್ರ, ಭಾರತದ ಅನಿಮೇಷನ್ ಚಿತ್ರಗಳಲ್ಲೇ ಅತಿ ಹೆಚ್ಚು ಗಳಿಕೆ ಕಂಡಿತು. ವರಾಹನಿಗೂ ಹಿರಣ್ಯಾಕ್ಷನಿಗೂ ನಡೆಯುವ ಕಾಳಗ, ಹಿರಣ್ಯಕಶಿಪುವಿನ ತಪಸ್ಸು ಮತ್ತು ದರ್ಪ, ಪ್ರಹ್ಲಾದನ ಭಕ್ತಿ, ಕೊನೆಗೆ ಕಂಬ ಒಡೆದು ಬರುವ ನರಸಿಂಹ, ಹೀಗೆ ಕಥೆ ಎಲ್ಲರಿಗೂ ಗೊತ್ತಿರುವುದೇ. ಅದನ್ನು ಹೇಳಿರುವ ರೀತಿ ಮಾತ್ರ ಇಂದಿನ ಆ್ಯಕ್ಷನ್ ಸಿನಿಮಾದ್ದು.

ಬೆಂಗಳೂರಿನ ಪಶ್ಚಿಮ ಭಾಗದವರಿಗೆ ಈ ಕಥೆಯ ನಂಟು ಇನ್ನೂ ಹತ್ತಿರದ್ದು. ರಾಜಾಜಿನಗರದ ಕಾರ್ಡ್ ರಸ್ತೆಯ ಇಸ್ಕಾನ್ ದೇವಸ್ಥಾನದಲ್ಲಿ ಪ್ರಹ್ಲಾದ ನರಸಿಂಹನಿಗೆ ಪ್ರತ್ಯೇಕ ಗುಡಿಯಿದೆ. ಅಲ್ಲಿಂದ ಒರಾಯನ್ ಮಾಲ್ ದೂರವೇನಲ್ಲ. ನವರಂಗ್, ಮಾಗಡಿ ರಸ್ತೆಯ ವೀರೇಶ್, ಪ್ರಸನ್ನದಂಥ ಟಾಕೀಸುಗಳೂ ಮಾಲ್‌ಗಳ ಮಲ್ಟಿಪ್ಲೆಕ್ಸ್‌ಗಳೂ ಇರುವ ಈ ಭಾಗದಲ್ಲಿ ಅಜ್ಜಿ, ತಾತ, ಮೊಮ್ಮಕ್ಕಳು ಸೇರಿ ಭಾನುವಾರದ ಸಿನಿಮಾಕ್ಕೆ ಹೋಗುವುದು ಹಳೆಯ ರೂಢಿ. ದೇವಸ್ಥಾನದಲ್ಲಿ ಕೈಮುಗಿದು ಬಂದ ಯುಕೆಜಿ ಮಗುವಿಗೆ ಅದೇ ದೇವರು ಪರದೆಯ ತುಂಬ ಗರ್ಜಿಸುತ್ತ ಬಂದಾಗ ಏನನ್ನಿಸುತ್ತದೆ ಎಂಬುದು ಟಿಕೆಟ್ ಕೊಳ್ಳುವ ಮೊದಲೇ ಯೋಚಿಸಬೇಕಾದ ಸಂಗತಿ.

ಮೊದಲು ಕಾನೂನು ಹೇಳುವುದನ್ನು ನೋಡಬಹುದು. ಭಾರತದಲ್ಲಿ ಸಿನಿಮಾ ಪ್ರದರ್ಶನಕ್ಕೆ ಪ್ರಮಾಣಪತ್ರ ಕೊಡುವುದು ಕೇಂದ್ರ ಚಲನಚಿತ್ರ ಪ್ರಮಾಣೀಕರಣ ಮಂಡಳಿ. ಜನರ ಬಾಯಲ್ಲಿ ಅದು ಇಂದಿಗೂ ‘ಸೆನ್ಸಾರ್’. ಅದರ ಒಂಬತ್ತು ಪ್ರಾದೇಶಿಕ ಕಚೇರಿಗಳಲ್ಲಿ ಒಂದು ಬೆಂಗಳೂರಿನಲ್ಲಿದೆ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯ ಪ್ರಕಾರ ‘ಯು’ ಎಲ್ಲರಿಗೆ, ‘ಎ’ ವಯಸ್ಕರಿಗೆ, ‘ಎಸ್’ ವೈದ್ಯರಂಥ ನಿರ್ದಿಷ್ಟ ವರ್ಗದವರಿಗೆ. ಇವುಗಳ ನಡುವೆ ಬರುವ ‘ಯುಎ’ಗೆ ಬಹಳ ವರ್ಷ ಒಂದೇ ಅರ್ಥವಿತ್ತು: 12 ವರ್ಷದೊಳಗಿನ ಮಕ್ಕಳು ನೋಡಬೇಕೋ ಬೇಡವೋ ಎಂಬುದನ್ನು ಹೆತ್ತವರು ತೀರ್ಮಾನಿಸಲಿ. 2023ರ ತಿದ್ದುಪಡಿ ಮತ್ತು 2024ರ ನಿಯಮಗಳು ಇದನ್ನು ಯುಎ 7+, ಯುಎ 13+, ಯುಎ 16+ ಎಂದು ಮೂರಾಗಿ ಒಡೆದವು. ಒಟಿಟಿಗಳಿಗೆ 2021ರ ನಿಯಮಗಳಲ್ಲೇ ಇಂಥ ವಿಂಗಡಣೆ ಬಂದಿತ್ತು. ಐದು ವರ್ಷದ ಮಗುವನ್ನೂ ಹನ್ನೊಂದರ ಹುಡುಗನನ್ನೂ ಒಂದೇ ಅಕ್ಷರದಡಿ ತಳ್ಳುತ್ತಿದ್ದ ಹಳೆಯ ಪದ್ಧತಿಗಿಂತ ಇದು ಖಂಡಿತ ಮೇಲು. ಟಿಕೆಟ್ ಬುಕ್ ಮಾಡುವ ಆ್ಯಪ್‌ನಲ್ಲಿ ಚಿತ್ರದ ಹೆಸರಿನ ಪಕ್ಕದಲ್ಲೇ ಈ ಗುರುತು ಇರುತ್ತದೆ. ಸಿನಿಮಾ ಶುರುವಾಗುವ ಮುನ್ನ ಪರದೆಯ ಮೇಲೆ ಪ್ರಮಾಣಪತ್ರವೂ ಬರುತ್ತದೆ. ಆ ಹೊತ್ತಿಗೆ ಎಲ್ಲರ ಗಮನ ಪಾಪ್‌ಕಾರ್ನ್ ಮೇಲಿರುತ್ತದೆ, ಅದು ಬೇರೆ ಮಾತು.

‘ಎ’ ಚಿತ್ರಕ್ಕೆ 18 ವರ್ಷದೊಳಗಿನವರನ್ನು ಥಿಯೇಟರಿನವರು ಒಳಗೆ ಬಿಡುವಂತಿಲ್ಲ. ಆದರೆ ಯುಎ ವಯಸ್ಸಿನ ಗುರುತು ಹೆತ್ತವರಿಗೆ, ಪೋಷಕರಿಗೆ ಕೊಟ್ಟ ಸೂಚನೆಯಷ್ಟೆ. ಅದನ್ನು ಜಾರಿ ಮಾಡುವ ಅಧಿಕಾರ ಬೇರೆ ಯಾರಿಗೂ ಇಲ್ಲವೆಂದು ಕಾಯ್ದೆಯೇ ಹೇಳುತ್ತದೆ. ಯುಎ 16+ ಚಿತ್ರಕ್ಕೆ ನಾಲ್ಕು ವರ್ಷದ ಮಗುವನ್ನು ಎತ್ತಿಕೊಂಡು ಹೋದರೂ ಗೇಟಿನಲ್ಲಿ ಟಿಕೆಟ್ ಹರಿಯುವವರು ತಡೆಯಲಾರರು. ತೀರ್ಮಾನ ಪೂರ್ತಿಯಾಗಿ ಮನೆಯವರದು.

ಅಲ್ಲದೆ, ಪ್ರಮಾಣಪತ್ರ ದೇಶದಿಂದ ದೇಶಕ್ಕೆ, ಕಾಲದಿಂದ ಕಾಲಕ್ಕೆ ಬದಲಾಗುತ್ತದೆ. 2025ರ ಸೆಪ್ಟೆಂಬರ್ 12ರಂದು ಭಾರತದಲ್ಲಿ ಬಿಡುಗಡೆಯಾದ ಜಪಾನಿನ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಇದಕ್ಕೆ ಒಳ್ಳೆಯ ಉದಾಹರಣೆ. ರಾಕ್ಷಸರನ್ನು ಹೆಚ್ಚಾಗಿ ತಲೆ ಕತ್ತರಿಸಿಯೇ ಕೊಲ್ಲುವ ಕಥೆ ಅದು. 12 ವರ್ಷದೊಳಗಿನವರು ಹಿರಿಯರ ಸಲಹೆಯೊಂದಿಗೆ ನೋಡಬಹುದು ಎಂದು ಜಪಾನ್ ಹೇಳಿದರೆ, 17 ವರ್ಷದೊಳಗಿನವರ ಜೊತೆ ದೊಡ್ಡವರು ಇರಲೇಬೇಕು ಎಂದಿತು ಅಮೆರಿಕ. ಬ್ರಿಟನ್ನಿನಲ್ಲಿ ಮೊಲಗಳ ಕಥೆಯ ‘ವಾಟರ್‌ಶಿಪ್ ಡೌನ್’ ಚಿತ್ರಕ್ಕೆ 1978ರಲ್ಲಿ ಎಲ್ಲರೂ ನೋಡಬಹುದಾದ ‘ಯು’ ಸಿಕ್ಕಿತ್ತು. ರಕ್ತ ಕಾರಿ ಸಾಯುವ ಮೊಲಗಳನ್ನು ಕಂಡು ಒಂದು ಪೀಳಿಗೆಯ ಮಕ್ಕಳು ಬೆಚ್ಚಿಬಿದ್ದ ಮೇಲೆ, ನಾಲ್ಕು ದಶಕ ಕಳೆದು, ಹೆತ್ತವರ ಸಲಹೆ ಬೇಕು ಎಂಬ ದರ್ಜೆಗೆ ಅದನ್ನು ಏರಿಸಲಾಯಿತು. ಚಿತ್ರ ಮಾತ್ರ ಅಂದು ಹೇಗಿತ್ತೋ ಇಂದೂ ಹಾಗೆಯೇ ಇದೆ.

ಬರೆದ ಚಿತ್ರದ ಹಿಂಸೆ ಮಕ್ಕಳ ಮನಸ್ಸಿಗೆ ನಾಟುವುದಿಲ್ಲ ಎಂಬ ಮಾತಿಗೂ ಹೆಚ್ಚಿನ ಆಧಾರವಿಲ್ಲ. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಾಳಿ ತುಂಬಿದ ಬೊಂಬೆಯನ್ನು ಹೊಡೆಯುವುದನ್ನು ಒಂದು ಗುಂಪಿನ ಮಕ್ಕಳು ಎದುರಿಗೇ ಕಂಡರು, ಇನ್ನೊಂದು ಗುಂಪು ಸಿನಿಮಾದಲ್ಲಿ ಕಂಡಿತು, ಮತ್ತೊಂದು ಗುಂಪಿನ ಮುಂದೆ ಕಾರ್ಟೂನ್ ಬೆಕ್ಕಿನ ವೇಷ ತೊಟ್ಟ ಪಾತ್ರವೊಂದು ಪರದೆಯ ಮೇಲೆ ಅದನ್ನೇ ಮಾಡಿತು. ಆಮೇಲೆ ಬೊಂಬೆಯ ಮೇಲೆ ಕೈ ಮಾಡುವುದರಲ್ಲಿ ಬೆಕ್ಕನ್ನು ನೋಡಿದ ಮಕ್ಕಳೇನೂ ಹಿಂದೆ ಬೀಳಲಿಲ್ಲ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ಅಧ್ಯಯನವೊಂದು 1937ರಿಂದ 2013ರವರೆಗಿನ ಜನಪ್ರಿಯ ಅನಿಮೇಷನ್ ಚಿತ್ರಗಳಲ್ಲಿ 45ನ್ನು ಪರಿಶೀಲಿಸಿತು. ಮೂರರಲ್ಲಿ ಎರಡು ಪಾಲು ಚಿತ್ರಗಳಲ್ಲಿ ಮುಖ್ಯ ಪಾತ್ರವೊಂದು ತೆರೆಯ ಮೇಲೇ ಸಾಯುತ್ತದೆ. ಹೋಲಿಕೆಗೆ ತೆಗೆದುಕೊಂಡ ದೊಡ್ಡವರ ಚಿತ್ರಗಳಲ್ಲಿ ಅರ್ಧದಷ್ಟರಲ್ಲಿ ಮಾತ್ರ ಹಾಗಾಗುತ್ತದೆ. ಅನಿಮೇಷನ್ ಚಿತ್ರಗಳಲ್ಲಿ ಸಾವಿಗೆ ಹೆಚ್ಚಾಗಿ ಗುರಿಯಾಗುವವರಲ್ಲಿ ನಾಯಕ ಪಾತ್ರದ ಅಪ್ಪ, ಅಮ್ಮನೂ ಸೇರಿದ್ದಾರೆ.

ಮಕ್ಕಳ ಹೆದರಿಕೆ ವಯಸ್ಸಿಗೆ ತಕ್ಕಂತೆ ರೂಪ ಬದಲಿಸುತ್ತದೆ. ಮಕ್ಕಳು ಸಿನಿಮಾ, ಟಿವಿ ನೋಡಿ ಹೆದರುವ ಬಗ್ಗೆ ದೀರ್ಘಕಾಲ ಸಂಶೋಧನೆ ನಡೆಸಿದ ಜೋಆನ್ ಕ್ಯಾಂಟರ್ ಅವರು ‘ದಿ ಇನ್‌ಕ್ರೆಡಿಬಲ್ ಹಲ್ಕ್’ ಧಾರಾವಾಹಿಯನ್ನು ಬಳಸಿದ್ದರು. ಸಾಧು ಮನುಷ್ಯನೊಬ್ಬ ಹಸಿರು ಮೈಯ ದೈತ್ಯನಾಗಿ ಮಾರ್ಪಟ್ಟು ಕಷ್ಟದಲ್ಲಿರುವವರನ್ನು ಕಾಪಾಡುವ ಕಥೆ. ಶಾಲೆಗೆ ಸೇರುವ ಮುಂಚಿನ ವಯಸ್ಸಿನ ಮಕ್ಕಳು ಅತಿ ಹೆಚ್ಚು ಹೆದರಿದ್ದು ಆ ಮಾರ್ಪಾಟಿನ ಕ್ಷಣಕ್ಕೇ. ಬಂದವನು ಕಾಪಾಡುವವನು ಎಂಬ ತಿಳಿವಳಿಕೆ ಅವರ ನೆರವಿಗೆ ಬರಲಿಲ್ಲ. ಒಂಬತ್ತು, ಹತ್ತರ ಮಕ್ಕಳಿಗೆ ಅಷ್ಟು ತೊಂದರೆಯಾಗಲಿಲ್ಲ. ಸುಮಾರು ಏಳು ವರ್ಷದವರೆಗೆ ಮಗು ಹೆದರುವುದು ಕಣ್ಣಿಗೆ ಕಂಡ ರೂಪಕ್ಕೆ, ಕಿವಿಗೆ ಬಿದ್ದ ಸದ್ದಿಗೆ. ಮುಂದೇನಾಗುತ್ತದೋ, ತನಗೂ ಹೀಗಾಗಬಹುದೋ ಎಂಬ ಯೋಚನೆಯಿಂದ ಹುಟ್ಟುವ ಹೆದರಿಕೆ ಬರುವುದು ಅದರ ನಂತರ.

ಈ ವಿಷಯದಲ್ಲಿ ನರಸಿಂಹನ ಕಥೆಯಷ್ಟು ಕಷ್ಟದ್ದು ಇನ್ನೊಂದಿಲ್ಲ. ಬೇರೆ ಕಥೆಗಳಲ್ಲಿ ಕೆಟ್ಟವನು ವಿಕಾರವಾಗಿಯೂ ಒಳ್ಳೆಯವನು ಚೆಲುವಾಗಿಯೂ ಇರುತ್ತಾರೆ, ಚಿಕ್ಕ ಮಗುವಿಗೂ ಗುರುತು ಸಿಗುತ್ತದೆ. ಇಲ್ಲಿ ಕಾಪಾಡಲು ಬಂದವನದೇ ಅತ್ಯಂತ ಭಯಂಕರ ರೂಪ. ಪುರಾಣ ಬರೆದವರಿಗೂ ಇದು ಗೊತ್ತಿತ್ತು: ಭಾಗವತದಲ್ಲಿ ಉಗ್ರನರಸಿಂಹನ ಹತ್ತಿರ ಹೋಗಲು ಸಾಕ್ಷಾತ್ ಲಕ್ಷ್ಮಿಯೇ ಅಂಜುತ್ತಾಳೆ, ಬ್ರಹ್ಮ ಪ್ರಹ್ಲಾದನನ್ನು ಮುಂದೆ ಕಳಿಸುತ್ತಾನೆ. ಲಕ್ಷ್ಮಿಗೆ ಆದ ಅಂಜಿಕೆ ಯುಕೆಜಿ ಮಗುವಿಗೆ ಆದರೆ ಅದನ್ನು ಭಕ್ತಿಯ ಕೊರತೆ ಎಂದು ಯಾರೂ ತಿಳಿಯಬೇಕಿಲ್ಲ. ‘ದೇವರ ಸಿನಿಮಾ, ಹೆದರ್ಕೋಬಾರದು’ ಎಂಬ ಮಾತು ಮಗುವಿನ ಹೆದರಿಕೆಯನ್ನು ಕಳೆಯುವುದಿಲ್ಲ. ಹೆದರಿದ್ದನ್ನು ಹೇಳಿಕೊಳ್ಳುವ ದಾರಿಯನ್ನು ಮುಚ್ಚುತ್ತದೆ.

ದೊಡ್ಡವರು ಇಂಥ ಚಿತ್ರವನ್ನು ಅಳೆಯುವುದು ಸಾಮಾನ್ಯವಾಗಿ ರಕ್ತದ ಲೆಕ್ಕದಲ್ಲಿ. ಕೊನೆಯ ದೀರ್ಘ ಹೋರಾಟ, ತೊಡೆಯ ಮೇಲೆ ಹಾಕಿಕೊಂಡು ಉಗುರಿನಿಂದ ಸೀಳುವುದು, ಇವೇ ಅವರ ಕಣ್ಣಿಗೆ ಬೀಳುವ ದೃಶ್ಯಗಳು. ಆದರೆ ಈ ಕಥೆಯಲ್ಲಿ ಮಗುವಿನ ಮಟ್ಟಿಗೆ ಹೆಚ್ಚು ಭಾರವಾದದ್ದು ಅದಕ್ಕಿಂತ ಬಹಳ ಮೊದಲೇ ಶುರುವಾಗುತ್ತದೆ: ಅಪ್ಪನೇ ಮಗನನ್ನು ಕೊಲ್ಲಲು ಹೊರಡುತ್ತಾನೆ. ವಿಷ, ಹಾವು, ಆನೆ, ಬೆಟ್ಟದ ತುದಿ, ಬೆಂಕಿ, ಒಂದಾದ ಮೇಲೊಂದು ಪ್ರಯತ್ನ. ಬೆಂಕಿಯಲ್ಲಿ ಕೂರಿಸಿಕೊಳ್ಳುವ ಹೋಲಿಕಾ ಪ್ರಹ್ಲಾದನಿಗೆ ಅಪ್ಪನ ತಂಗಿ, ಅಂದರೆ ಸೋದರತ್ತೆ. ಅಮ್ಮ ಕಯಾದು ಮಗನನ್ನು ಪ್ರೀತಿಸುತ್ತಾಳೆ, ಆದರೆ ಗಂಡನನ್ನು ತಡೆಯಲಾರಳು. ರಾಕ್ಷಸನೊಬ್ಬ ಎಲ್ಲೋ ಕಾಡಿನಲ್ಲಿ ಇದ್ದಾನೆ ಎಂದರೆ ಮಗು ಅಪ್ಪನ ತೋಳನ್ನು ಹಿಡಿದುಕೊಂಡು ನೋಡುತ್ತದೆ. ರಾಕ್ಷಸ ಅಪ್ಪನೇ ಆದಾಗ ಯಾರ ತೋಳನ್ನು ಹಿಡಿಯುವುದು? ಮನೆಯಲ್ಲಿ ಜೋರು ದನಿಯ ಜಗಳ, ಹೊಡೆತ ಕಂಡ ಮಗುವಿಗೆ ಈ ಭಾಗ ನಾಟುವಷ್ಟು ಆಳವಾಗಿ ಕೊನೆಯ ಉಗುರಿನ ದೃಶ್ಯ ನಾಟಲಾರದು.

ಅದೇ ಮಗನ ಕಣ್ಣೆದುರಿಗೇ ಅಪ್ಪ ಸಾಯುವುದು ಇನ್ನೊಂದು ಗಂಟು. ಹಿರಣ್ಯಕಶಿಪು ಸತ್ತಾಗ ಹತ್ತು ವರ್ಷದವರು ಚಪ್ಪಾಳೆ ತಟ್ಟಬಹುದು. ಆರು ವರ್ಷದ ಮಗು ‘ಅವರಪ್ಪ ಇನ್ನು ಬರಲ್ವಾ?’ ಎಂದು ಕೇಳಬಹುದು. ಎರಡೂ ಸಹಜ. ದೊಡ್ಡ ಮಕ್ಕಳಿಗೆ ಈ ಕಥೆಯಲ್ಲಿ ಬೇರೆಯದೇ ರುಚಿ ಸಿಗುತ್ತದೆ. ಮನುಷ್ಯನಿಂದಲೂ ಬೇಡ ಮೃಗದಿಂದಲೂ ಬೇಡ, ಒಳಗೂ ಬೇಡ ಹೊರಗೂ ಬೇಡ, ಹಗಲೂ ಬೇಡ ರಾತ್ರಿಯೂ ಬೇಡ ಎಂಬ ವರವನ್ನು ನರಸಿಂಹ ಹೊಸ್ತಿಲ ಮೇಲೆ, ಮುಸ್ಸಂಜೆ ಹೊತ್ತಿನಲ್ಲಿ ಬಿಡಿಸುವ ಜಾಣತನ ಮೂರನೆಯ, ನಾಲ್ಕನೆಯ ಕ್ಲಾಸಿನ ಮಕ್ಕಳಿಗೆ ಒಳ್ಳೆ ಒಗಟು. ಒಗಟು ಅರ್ಥವಾಗುವ ಮಗುವಿಗೆ ಆ ಕ್ರೌರ್ಯಕ್ಕೆ ಒಂದು ಚೌಕಟ್ಟು ಸಿಗುತ್ತದೆ. ಅರ್ಥವಾಗದ ಮಗುವಿಗೆ ಉಳಿಯುವುದು ಉಗುರು ಮಾತ್ರ.

ಕನ್ನಡದ ಮಕ್ಕಳು ಹಿಂದೆ ಇದನ್ನೆಲ್ಲ ನೋಡಿಲ್ಲವೇ ಎಂಬ ಪ್ರಶ್ನೆ ಬರುತ್ತದೆ. ನೋಡಿದ್ದಾರೆ. ಬೇಲೂರಿನ ಗೋಡೆಯ ಮೇಲೆ ಹಿರಣ್ಯಕಶಿಪುವಿನ ಕರುಳು ಬಗೆಯುವ ನರಸಿಂಹನನ್ನು ಶಾಲಾ ಪ್ರವಾಸದ ಮಕ್ಕಳು ಹತ್ತಿರದಿಂದಲೇ ನೋಡುತ್ತಾರೆ. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ರಾಜಕುಮಾರ್ ಹಿರಣ್ಯಕಶಿಪು, ಎಂಟರ ಆಸುಪಾಸಿನ ಪುನೀತ್, ಅಂದಿನ ಹೆಸರಿನಲ್ಲಿ ಲೋಹಿತ್, ಪ್ರಹ್ಲಾದ. ತೆರೆಯ ಮೇಲೆ ಮಗನನ್ನು ಆನೆಯ ಕಾಲಿಗೆ ಎಸೆಯುವ ಅಪ್ಪ ಮನೆಯಲ್ಲೂ ಅವನ ಅಪ್ಪನೇ ಎಂಬುದು ಪ್ರೇಕ್ಷಕರಿಗೆ ಗೊತ್ತಿತ್ತು. ಆ ತಿಳಿವಳಿಕೆ ತಾನಾಗಿಯೇ ಒಂದು ಸಮಾಧಾನ. ಬೇಲೂರಿನ ಕಲ್ಲು ಅಲುಗಾಡುವುದಿಲ್ಲ, ಸದ್ದು ಮಾಡುವುದಿಲ್ಲ. ಸಾಕೆನಿಸಿದರೆ ಮಗು ಮುಂದಕ್ಕೆ ನಡೆಯಬಹುದು. ಅಜ್ಜಿ ಹೇಳುವ ಕಥೆಯಲ್ಲಿ ಕೇಳುವ ಮುಖ ಬಾಡಿದ ಕೂಡಲೇ ಅಜ್ಜಿ ಆನೆಯನ್ನು ಬೇಗ ದಾಟಿಸಿಬಿಡುತ್ತಾಳೆ. ಥಿಯೇಟರಿನ ಚಿತ್ರ ಯಾರ ಮುಖವನ್ನೂ ನೋಡುವುದಿಲ್ಲ. ಕಥೆ ಒಂದೇ ಆದರೂ ವೇಗ, ಗಾತ್ರ, ಸದ್ದು ಇವು ಬೇರೆಯಾದಾಗ ಮಗುವಿಗೆ ಅದು ಬೇರೆಯದೇ ಅನುಭವ.

ಹೀಗಾಗಿ ಕಥಾವಸ್ತುವಿನ ಜೊತೆಗೆ ಅದರ ಜೋಡಣೆಯನ್ನೂ ನೋಡಬೇಕು. ಹೆದರಿಕೆಯ ದೃಶ್ಯ ಎಷ್ಟು ಹೊತ್ತು ಎಳೆಯುತ್ತದೆ, ಅದರ ನಂತರ ಉಸಿರು ಬಿಡಲು ಹಾಡೋ ಹಾಸ್ಯವೋ ಇದೆಯೇ, ಅಪಾಯದಲ್ಲಿರುವುದು ದೊಡ್ಡವರೋ ಮಗುವೋ, ನೋವು ಕಾಣಿಸುತ್ತದೆಯೋ ಅಥವಾ ಏಟು ತಿಂದವರು ಮರುಕ್ಷಣವೇ ಎದ್ದು ನಿಲ್ಲುತ್ತಾರೋ, ಕೊನೆಗೆ ಶಾಂತಿ ಎಷ್ಟು ನಿಧಾನವಾಗಿ ಬರುತ್ತದೆ. ‘ಮಹಾವತಾರ ನರಸಿಂಹ’ ಎರಡು ಗಂಟೆಗೂ ಹೆಚ್ಚಿನದು. ಮೊದಲರ್ಧದಲ್ಲೇ ವರಾಹನ ದೊಡ್ಡ ಕಾಳಗವಿದ್ದು, ಕೊನೆಯ ಕಾಳಗ ಅದನ್ನೂ ಮೀರಿಸುತ್ತದೆ. ತ್ರೀಡಿಯಲ್ಲಿ ನೋಡಿದರೆ ಇನ್ನಷ್ಟು ಹತ್ತಿರ ಬಂದಂತಿರುತ್ತದೆ, ಕನ್ನಡಕವೋ ಚಿಕ್ಕ ಮೂಗಿನ ಮೇಲೆ ನಿಲ್ಲುವುದಿಲ್ಲ. ಬೆಳಕಿನ ವಿಷಯದಲ್ಲಿ ವೈದ್ಯಕೀಯ ಎಚ್ಚರವೂ ಬೇಕು. 1997ರ ಡಿಸೆಂಬರ್ 16ರಂದು ಜಪಾನಿನ ಟಿವಿಯಲ್ಲಿ ‘ಪೋಕೆಮಾನ್’ನ ಒಂದು ಕಂತಿನಲ್ಲಿ ಕೆಂಪು, ನೀಲಿ ಬೆಳಕು ಬಿಟ್ಟುಬಿಟ್ಟು ಮಿನುಗಿದಾಗ 600ಕ್ಕೂ ಹೆಚ್ಚು ಮಕ್ಕಳನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು, ಕೆಲವರಿಗೆ ಫಿಟ್ಸ್ ಬಂದಿತ್ತು. ಫಿಟ್ಸ್ ತೊಂದರೆಯಿರುವ ಮಗುವನ್ನು ಮಿಂಚು, ಸ್ಫೋಟಗಳು ತುಂಬಿದ ಚಿತ್ರಕ್ಕೆ ಕರೆದೊಯ್ಯುವ ಮುನ್ನ ಡಾಕ್ಟರನ್ನು ಕೇಳುವುದು ಒಳ್ಳೆಯದು.

ಭಾಷೆಯ ಪಾತ್ರವನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. ಮಾತು ತಿಳಿಯದ ಮಗುವಿಗೆ ಚಿತ್ರದಲ್ಲಿ ಉಳಿಯುವುದು ಮುಖ, ಸದ್ದು, ಏಟು. ಪ್ರಹ್ಲಾದ ಯಾಕೆ ಹೆದರುತ್ತಿಲ್ಲ ಎಂಬುದನ್ನು ತಿಳಿಸುವ ಮಾತುಗಳೇ ಅದಕ್ಕೆ ತಲುಪುವುದಿಲ್ಲ. ಕನ್ನಡದಲ್ಲಿ ಡಬ್ಬಿಂಗ್‌ಗೆ ಬಹಳ ವರ್ಷ ವಿರೋಧವಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟ ನಂತರವಷ್ಟೇ ದಾರಿ ಸಡಿಲವಾಯಿತು. ‘ಮಹಾವತಾರ ನರಸಿಂಹ’ ಕನ್ನಡದಲ್ಲೇ ಸಿಕ್ಕಿದ್ದು ಚಿಕ್ಕ ಮಕ್ಕಳಿಗೆ ದೊಡ್ಡ ಅನುಕೂಲ. ‘ಇನ್ಫಿನಿಟಿ ಕ್ಯಾಸಲ್’ ಬಂದದ್ದು ಜಪಾನಿ, ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ. ಮನೆಮಾತು ಕನ್ನಡವಾದ ಎರಡನೇ ಕ್ಲಾಸಿನ ಮಗುವಿನ ಕಿವಿಯಲ್ಲಿ ಅಪ್ಪ ಸಬ್‌ಟೈಟಲ್ ಅನುವಾದಿಸುತ್ತ ಕೂರುವ ಹೊತ್ತಿಗೆ ಪರದೆಯ ಮೇಲೆ ನಾಲ್ಕು ತಲೆ ಉರುಳಿರುತ್ತವೆ.

ಮುಂಚಿತವಾಗಿ ತಿಳಿಯಲು ಟ್ರೇಲರ್ ಒಳ್ಳೆಯ ಸಾಧನವಲ್ಲ. ಅದು ಚಿತ್ರದ ಆರ್ಭಟವನ್ನೆಲ್ಲ ಎರಡು ನಿಮಿಷಕ್ಕೆ ಇಳಿಸುತ್ತದೆ, ಮಗುವನ್ನು ಕಾಡುವ ಮೌನದ ದೃಶ್ಯಗಳನ್ನು ಬಿಟ್ಟುಬಿಡುತ್ತದೆ. ಆದರೆ ಟ್ರೇಲರ್‌ಗೇ ಕಣ್ಣು ಮುಚ್ಚಿಕೊಳ್ಳುವ ಮಗುವಿಗೆ ಚಿತ್ರ ಬೇಡವೆಂದು ಧಾರಾಳವಾಗಿ ತೀರ್ಮಾನಿಸಬಹುದು. ಎಲ್ಲಕ್ಕಿಂತ ನಂಬಬಹುದಾದದ್ದು ಚಿತ್ರ ನೋಡಿಬಂದ, ಮಕ್ಕಳಿರುವ ಇನ್ನೊಬ್ಬರ ಮಾತು. ಅವರನ್ನು ‘ಚೆನ್ನಾಗಿದೆಯಾ’ ಎಂದು ಕೇಳಿ ಪ್ರಯೋಜನವಿಲ್ಲ. ಮಗು ಎಲ್ಲಿ ಅತ್ತಿತು, ಎಲ್ಲಿ ಆಚೆ ಹೋಗೋಣ ಎಂದಿತು, ರಾತ್ರಿ ಹೇಗೆ ಮಲಗಿತು ಎಂದು ಕೇಳಬೇಕು. ಕಥೆಯನ್ನು ಕೊನೆಯವರೆಗೆ ಮೊದಲೇ ಹೇಳಿಬಿಡುವುದೂ ಒಂದು ಉಪಾಯ. ದೊಡ್ಡವರಿಗೆ ಕಥೆ ಗೊತ್ತಾದರೆ ಸಪ್ಪೆ. ಪ್ರಹ್ಲಾದನಿಗೆ ಏನೂ ಆಗುವುದಿಲ್ಲ ಎಂದು ಗೊತ್ತಿರುವ ಮಗು ಮಾತ್ರ ಆನೆಯ ದೃಶ್ಯವನ್ನು ಎಷ್ಟೋ ಸಲೀಸಾಗಿ ದಾಟುತ್ತದೆ.

ಥಿಯೇಟರೇ ಆಯ್ಕೆಯಾದರೆ ಹೊತ್ತು ಮುಖ್ಯ. ಕೆಂಗೇರಿಯಿಂದ ಮೆಟ್ರೋ ಹಿಡಿದು ಮೆಜೆಸ್ಟಿಕ್‌ನಲ್ಲಿ ಬದಲಿಸಿ ಸ್ಯಾಂಡಲ್ ಸೋಪ್ ಫ್ಯಾಕ್ಟರಿ ನಿಲ್ದಾಣದಲ್ಲಿ ಇಳಿದು ಸಂಜೆ ಏಳರ ಷೋ ನೋಡುವ ಮಗು ಮನೆ ಸೇರಿ ಮಲಗುವಾಗ ಹನ್ನೊಂದಾಗಿರುತ್ತದೆ. ನಿದ್ದೆಗಣ್ಣಿನಲ್ಲಿ ಕೊನೆಯದಾಗಿ ಕಂಡದ್ದು ನರಸಿಂಹನ ಮುಖ. ಬೆಳಗಿನ ಆಟವಾದರೆ ಮಿಕ್ಕ ದಿನವೆಲ್ಲ ಮಾತಾಡಲು, ಆಡಲು ಉಳಿಯುತ್ತದೆ. ಬಾಗಿಲ ಕಡೆಯ, ನಡುದಾರಿಗೆ ಹತ್ತಿದ ಹಿಂದಿನ ಸೀಟು ವಾಸಿ. ಎದ್ದು ಹೋಗಬಹುದು ಎಂಬ ಒಪ್ಪಂದ ಒಳಗೆ ಹೋಗುವ ಮುಂಚೆಯೇ ಆಗಿರಬೇಕು. ಮಾಲ್‌ನಲ್ಲಿ ನಾಲ್ಕು ಜನರ ಟಿಕೆಟ್‌ಗೂ ತಿಂಡಿಗೂ ಕೊಟ್ಟ ದುಡ್ಡು ಅನೇಕ ಹೆತ್ತವರನ್ನು ಸೀಟಿಗೆ ಅಂಟಿಸಿಬಿಡುತ್ತದೆ. ‘ಇನ್ನೊಂದು ಸ್ವಲ್ಪ, ಮುಗೀತು’ ಎಂಬ ಮಾತು ಅಲ್ಲಿಂದಲೇ ಹುಟ್ಟುವುದು. 2025ರ ಸೆಪ್ಟೆಂಬರ್‌ನಲ್ಲಿ ಚಿತ್ರ ನೆಟ್‌ಫ್ಲಿಕ್ಸ್‌ಗೂ ಬಂತು. ಮನೆಯ ಪರದೆ ಚಿಕ್ಕದು, ಲೈಟು ಹಾಕಿಡಬಹುದು, ಸದ್ದು ತಗ್ಗಿಸಬಹುದು, ವರಾಹನ ಭಾಗ ಇಂದು, ಉಳಿದದ್ದು ನಾಳೆ ಎಂದು ತುಂಡು ಮಾಡಬಹುದು. ಐದಾರು ವರ್ಷದವರಿಗೆ ತೋರಿಸಲೇಬೇಕೆಂದಿದ್ದರೆ ಇದೇ ಸರಿಯಾದ ದಾರಿ. ಎಂಟು ದಾಟಿದ, ಕಥೆ ಗೊತ್ತಿರುವ, ಗದ್ದಲದ ಚಿತ್ರಗಳ ರೂಢಿಯಿರುವ ಮಗುವಿಗೆ ಥಿಯೇಟರ್ ಚೆನ್ನ.

ನೋಡಿದ ಮೇಲೆ ಮಗು ಸಿಂಹದಂತೆ ಗರ್ಜಿಸಿ ದಿಂಬನ್ನು ಬಗೆದರೆ ಗಾಬರಿ ಬೇಕಿಲ್ಲ. ಕಂಡದ್ದನ್ನು ಆಡಿ ಅರಗಿಸಿಕೊಳ್ಳುವುದು ಮಕ್ಕಳ ದಾರಿ. ಆ ಉಗುರು ತಂಗಿಯ ಮೇಲೆ ತಿರುಗಿದಾಗ ತಡೆದರೆ ಸಾಕು. ಒಂಟಿಯಾಗಿ ಬಚ್ಚಲಿಗೆ ಹೋಗಲು ಹಿಂಜರಿಯುವುದು, ಲೈಟ್ ಆರಿಸಬೇಡಿ ಎನ್ನುವುದು, ಅಪ್ಪನ ಜೋರು ದನಿಗೆ ಹಿಂದಿಲ್ಲದ ಹಾಗೆ ಬೆಚ್ಚುವುದು ಹೆದರಿಕೆಯ ಗುರುತುಗಳು. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಇವು ಕಳೆಯುತ್ತವೆ. ವಾರಗಟ್ಟಲೆ ಉಳಿದು ನಿದ್ದೆ, ಊಟ, ಶಾಲೆಗೆ ಅಡ್ಡಿಯಾದರೆ ಮಕ್ಕಳ ಡಾಕ್ಟರಿಗೆ ತೋರಿಸಬೇಕು.

‘ಮಹಾವತಾರ’ ಏಳು ಚಿತ್ರಗಳ ಸರಣಿಯಾಗಿ ಘೋಷಣೆಯಾಗಿದೆ, ಮುಂದಿನದು 2027ಕ್ಕೆ ಎಂದು ಪ್ರಕಟಿಸಿರುವ ಪರಶುರಾಮನ ಕಥೆ. ಅದರಲ್ಲಿ ಉಗ್ರರೂಪದ ದೇವರಿಲ್ಲ, ಹೊಸ್ತಿಲ ಒಗಟೂ ಇಲ್ಲ. ಅಪ್ಪ ಜಮದಗ್ನಿಯ ಮಾತಿನಂತೆ ಮಗ ಅಮ್ಮ ರೇಣುಕೆಯ ತಲೆ ಕಡಿಯುವುದಿದೆ, ವರದಿಂದ ಅವಳು ಮತ್ತೆ ಬದುಕುವುದಿದೆ, ಇಪ್ಪತ್ತೊಂದು ಸಲ ಕ್ಷತ್ರಿಯರನ್ನು ಸಂಹರಿಸುವುದಿದೆ. ರೇಣುಕೆಯೇ ಆದ ಸವದತ್ತಿ ಎಲ್ಲಮ್ಮನ ಒಕ್ಕಲಿನ ಮನೆಗಳ ಮಕ್ಕಳಿಗೆ ಈ ಕಥೆ ಕಿವಿಗೆ ಬಿದ್ದಿರುತ್ತದೆ. ಉಳಿದವರಿಗೆ ಅದು ಮೊದಲು ಸಿಗುವುದು ದೊಡ್ಡ ಪರದೆಯ ಮೇಲೆಯೇ ಆಗಬಹುದು. ಅಪ್ಪ ಮಗನ ಮೇಲೆರಗುವ ಕಥೆಗಿಂತ, ಅಮ್ಮನ ಮೇಲೆ ಮಗನೇ ಕೊಡಲಿ ಎತ್ತುವ ಕಥೆಯನ್ನು ಎಳೆಯ ಮಗುವಿಗೆ ಬಿಡಿಸಿ ಹೇಳುವುದು ಇನ್ನೂ ಕಷ್ಟ. ಆ ಚಿತ್ರಕ್ಕೆ ಯಾವ ಪ್ರಮಾಣಪತ್ರ ಸಿಕ್ಕರೂ, ಈ ಒಂದು ದೃಶ್ಯವನ್ನು ಹೇಗೆ ಚಿತ್ರಿಸಿದ್ದಾರೆ ಎಂದು ಕೇಳಿ ತಿಳಿದ ಮೇಲೆಯೇ ಏಳೆಂಟು ವರ್ಷದವರಿಗೆ ಟಿಕೆಟ್ ಕೊಳ್ಳಬೇಕಾಗುತ್ತದೆ.